ಮಾಡದಕೆರೆ ಮಲ್ಲಕ್ಕನ ತಾರೀಖಿನ ಪುಸ್ತಕ

ಮಾಡದಕೆರೆಯ ಮಲ್ಲಕ್ಕನ ಮುತ್ತಜ್ಜ ಜುಂಜಪ್ಪ. ಮುನ್ನೂರು ಕುರಿಯ ಹಿಂಡನ್ನು ಬೇಸಿಗೆ ಬಂತೆಂದರೆ ಮಾರಿಕಣಿವೆಯ ಮಗ್ಗುಲಿಗೆ ಹೊಡೆದುಕೊಂಡು ಹೋಗಿ, ಮುಂಗಾರಿನ ಹೊತ್ತಿಗೆ ಒಂದೂ ಕಡಿಮೆಯಾಗದಂತೆ ಹಟ್ಟಿಗೆ ತಂದು ಸೇರಿಸುತ್ತಿದ್ದವನು. ಅವನಿಗೆ ಅಕ್ಷರ ಗೊತ್ತಿರಲಿಲ್ಲ. ಮರಿ ಬಿದ್ದ ದಿನ ಉಣ್ಣೆಯ ಹುರಿಗೆ ಗಂಟು ಹಾಕುತ್ತಿದ್ದ. ಹೆಣ್ಣಾದರೆ ಒಂಟಿ ಗಂಟು, ಗಂಡಾದರೆ ಜೋಡಿ ಗಂಟು. ಮಳೆಯ ನಕ್ಷತ್ರ ಬದಲಾದರೆ ಹುರಿಯಲ್ಲಿ ಒಂದು ಕರಿ ಎಳೆ.

ಅವನ ಮಗ ಚಿಕ್ಕೀರಪ್ಪ ಹುರಿಯನ್ನು ಬಿಟ್ಟು ಹಟ್ಟಿಯ ಕಂಬ ಹಿಡಿದ. ಕುಡುಗೋಲಿನ ತುದಿಯಿಂದ ಗೀರು ಹಾಕಿ ಮೂವತ್ತು ವರ್ಷದ ಮರಿಗಳನ್ನೆಲ್ಲ ಕಂಬದ ಮೇಲೆ ನಿಲ್ಲಿಸಿದ್ದ. ಒಂದು ಮಳೆಗಾಲದಲ್ಲಿ ಕಂಬಕ್ಕೆ ಗೆದ್ದಲು ಹತ್ತಿ, ಮೂವತ್ತು ವರ್ಷವೂ ಮಣ್ಣಾಗಿ ಉದುರಿತು. ಚಿಕ್ಕೀರಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲವಂತೆ. ಮೂರನೆಯ ದಿನ ಮಗನನ್ನು ಎದುರಿಗೆ ಕೂರಿಸಿಕೊಂಡು, ಯಾವ ಕುರಿ ಯಾವ ಮಳೆಯಲ್ಲಿ ಏನು ಹಾಕಿತು ಎಂದು ನೆನಪಿನಿಂದಲೇ ಬೆಳಗಿನಿಂದ ಸಂಜೆಯವರೆಗೂ ಹೇಳಿದನಂತೆ.

ಹಾಗೆ ಎದುರಿಗೆ ಕೂತು ಕೇಳಿದವನು ಸಣ್ಣತಿಮ್ಮಪ್ಪ, ಮಲ್ಲಕ್ಕನ ಅಪ್ಪ. ಕೇಳಿದ್ದೆಲ್ಲ ಇನ್ನೊಮ್ಮೆ ಮಣ್ಣಾಗಬಾರದು ಎಂದು ಅವನ ಎದೆಯಲ್ಲಿ ಕೂತುಬಿಟ್ಟಿತು. ಕುರಿಯ ಹಿಂದೆ ನಡೆಯುತ್ತ, ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯ ಮೈಲಿಗಲ್ಲುಗಳಲ್ಲಿ ಅಂಕಿ ಕಲಿತ. ಬಸ್ಸಿನ ಹಣೆಯ ಮೇಲಿನ ಬೋರ್ಡಿನಲ್ಲಿ ಅಕ್ಷರ ಕಲಿತ. 1968ರಲ್ಲಿ ಒಂದು ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಬರೆದ: ‘ಬೋಳಿ ಕುರಿ, ಹೆಣ್ಣು ಮರಿ, ಆರಿದ್ರ ಮಳೆ, ಮೂರನೇ ಪಾದ, ಶನಿವಾರ, ದನ ಬಿಡುವ ಹೊತ್ತು.’ ಮುಂದೆ ಹಿರಿಯೂರಿನ ಸಂತೆಯಲ್ಲಿ ಕೈಗಡಿಯಾರ ಕೊಂಡ ಮೇಲೆ ಹೊತ್ತಿನ ಜಾಗದಲ್ಲಿ ಗಂಟೆ ಬಂತು. ಸಾಯುವ ಹಿಂದಿನ ವಾರದವರೆಗೂ ಅವನು ಬರೆದ. ಆಮೇಲೆ ಮಗಳು ಬರೆದಳು. ಈಗ ಒಟ್ಟು ಹನ್ನೊಂದು ನೋಟ್‌ಬುಕ್ಕುಗಳು, ಕಬ್ಬಿಣದ ಪೆಟ್ಟಿಗೆಯಲ್ಲಿ, ಬೇವಿನ ಸೊಪ್ಪಿನ ನಡುವೆ ಇವೆ.

ಮಲ್ಲಕ್ಕ ಇಸ್ಕೂಲಿಗೆ ಹೋದದ್ದು ಮೂರನೆಯ ಇಯತ್ತೆಯವರೆಗೆ. ಉಳಿದದ್ದೆಲ್ಲ ಅಪ್ಪನ ನೋಟ್‌ಬುಕ್ಕಿನಲ್ಲಿ ಕಲಿತದ್ದು. ಊರಿನ ಕುರಿ ಸಾಕುವವರ ಸಂಘಕ್ಕೆ ಅವಳು ಕಾರ್ಯದರ್ಶಿಯಾಗಿ ಹತ್ತು ವರ್ಷವಾಯಿತು. ಸಂಘಕ್ಕೊಂದು ಕಂಪ್ಯೂಟರ್ ಬಂದು, ಮುಟ್ಟಿದರೆ ಕೆಟ್ಟೀತೆಂದು ಯಾರೋ ಅದಕ್ಕೆ ಹಳೆಯ ಪಂಚೆ ಹೊದಿಸಿ ಮೂಲೆಯಲ್ಲಿ ಕೂರಿಸಿದ್ದರು. ಮಲ್ಲಕ್ಕ ಪಂಚೆ ತೆಗೆದಳು. ಒಂದೊಂದೇ ಗುಂಡಿ ಒತ್ತಿ, ಒತ್ತಿದರೆ ಏನಾಗುತ್ತದೆ ಎಂದು ಪಕ್ಕದಲ್ಲಿ ಹಾಳೆಯಿಟ್ಟುಕೊಂಡು ಬರೆದಳು. ಎಲ್ಲ ಗುಂಡಿಗಳ ಗುಣ ಬರೆದು ಮುಗಿಸಲು ಅವಳಿಗೆ ಹತ್ತೊಂಬತ್ತು ದಿನ ಹಿಡಿಯಿತು. ಇಪ್ಪತ್ತನೆಯ ದಿನ ಸಂಘದ ಸಭೆಯ ನಡಾವಳಿಯನ್ನು ಅದರಲ್ಲೇ ಟೈಪು ಮಾಡಿ, ಹೊಸದುರ್ಗದಲ್ಲಿ ಪ್ರಿಂಟು ಹಾಕಿಸಿ ತಂದು ಗೋಡೆಗೆ ಅಂಟಿಸಿದಳು. ಕಲಿಸಿದವರು ಯಾರು ಎಂದು ಕೇಳಿದವರಿಗೆ, “ನನ್ ಕಣ್ಣೇ ನನಗೆ ಮೇಷ್ಟ್ರು” ಎಂದಳು.

ಮೇ ತಿಂಗಳಲ್ಲಿ ಚಿತ್ರದುರ್ಗದ ಕುರಿ ಸಂಘಗಳ ಒಕ್ಕೂಟದಿಂದ ಕಾಗದ ಬಂತು. ಜಿಲ್ಲೆಯ ನಾಡಕುರಿಗಳ ವಂಶಾವಳಿಯನ್ನು ಕಂಪ್ಯೂಟರಿಗೆ ಸೇರಿಸುತ್ತಾರೆ. ಬೀಜದ ಟಗರು, ಅದರ ತಾಯಿ, ಅಜ್ಜಿ, ಮುತ್ತಜ್ಜಿ, ಪ್ರತಿಯೊಂದರ ಹುಟ್ಟಿದ ದಿನ ಮತ್ತು ಸಮಯ ಬೇಕು. ಆಗಸ್ಟ್ ಮುಗಿಯುವುದರೊಳಗೆ ಸೇರಿಸಬೇಕು. ಸೇರಿಸದ ಹಿಂಡಿನ ಮುಂದೆ ‘ಮೂಲ ತಿಳಿಯದು’ ಎಂದು ಬೀಳುತ್ತದೆ. ಒಮ್ಮೆ ಬಿದ್ದರೆ ಅದೇ ಶಾಶ್ವತ.

ಮಲ್ಲಕ್ಕ ‘ಮೂಲ ತಿಳಿಯದು’ ಎಂಬ ಆ ಎರಡು ಮಾತನ್ನು ಗಂಡನಿಗೆ ಓದಿ ಹೇಳಿದಳು. ಚಿತ್ರಲಿಂಗಪ್ಪ ಹಲ್ಲುಕಡ್ಡಿ ತೆಗೆದು, “ಮಾಡದಕೆರೆ ಕುರಿಗೆ ಮೂಲ ತಿಳೀದಾ? ಅವನ್ಯಾವನ್ಲೇ ಹಂಗಂದೋನು?” ಎಂದ.

“ಯಾರೂ ಅಂದಿಲ್ಲ, ಸುಮ್ಕಿರು. ಅನ್ನಬಾರ್ದು ಅಂತ್ಲೇ ನಾನು ಬರೀತೀನಿ.”

ಅವಳು ಮೊದಲ ನೋಟ್‌ಬುಕ್ ತೆರೆದು ಸಂಘದ ಕಂಪ್ಯೂಟರಿನ ಮುಂದೆ ಕೂತಳು. ಆರಿದ್ರ ಮಳೆ, ಮೂರನೇ ಪಾದ, ಶನಿವಾರ ಎಂದು ಕನ್ನಡದಲ್ಲಿ ಟೈಪು ಮಾಡಿದಳು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ‘ದಿನಾಂಕ ಸರಿಯಿಲ್ಲ.’ ಇಷ್ಟು ಸುಲಭವಾಗಿ ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಬಾಗೂರಿನ ಜೋಯಿಸರ ಮನೆಗೆ ಹೋಗಿ, ಅಟ್ಟದ ಮೇಲಿದ್ದ ಹಳೆಯ ಪಂಚಾಂಗಗಳ ಕಟ್ಟನ್ನು ಕೇಳಿ ಹೊತ್ತು ತಂದಳು. ಯಾವ ವರ್ಷ ಯಾವ ಮಳೆ ಯಾವ ತಾರೀಖಿಗೆ ಹುಟ್ಟಿತು ಎಂಬುದು ಅದರಲ್ಲಿ ಇರುತ್ತದೆ. ಒಂದು ಮಳೆಗೆ ನಾಲ್ಕು ಪಾದ. ಒಂದು ಪಾದವೆಂದರೆ ಮೂರು ದಿನದ ಮೇಲೆ ಚೂರು. ಅಷ್ಟರೊಳಗೆ ಶನಿವಾರ ಬಂದರೆ ಒಂದೇ ಸಲ ಬರಬೇಕು. ಹಾಗಾಗಿ ಅಪ್ಪ ಬರೆದಿಟ್ಟ ಪಾದಕ್ಕೂ ವಾರಕ್ಕೂ ಗಂಟು ಹಾಕಿದರೆ ತಾರೀಖು ತಾನಾಗಿ ಸಿಕ್ಕುತ್ತದೆ. ಬೋಳಿಯ ಮಗಳು ಹುಟ್ಟಿದ್ದು 1968ರ ಜೂನ್ 29. ಲೆಕ್ಕ ಕೂಡಿ ಬಂದಾಗ ಮಲ್ಲಕ್ಕನಿಗೆ ಅಪ್ಪನ ಬೆನ್ನು ತಟ್ಟಬೇಕೆನಿಸಿತು.

ಆದರೆ ಆ ತಾರೀಖನ್ನು 29/06/68 ಎಂದು ಹಾಕಿದರೆ ಕಂಪ್ಯೂಟರ್ ತಳ್ಳಿತು. 29-6-68 ಎಂದರೂ ತಳ್ಳಿತು. ಹಿಂದುಮುಂದು ಮಾಡಿ 68-06-29 ಎಂದಾಗ ತೆಗೆದುಕೊಂಡಿತು, ಆದರೆ ಬೋಳಿಯ ಮಗಳು ಹುಟ್ಟಿದ ವರ್ಷ 2068 ಎಂದು ತೋರಿಸಿತು. ಚಿತ್ರಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

“ಇನ್ನೂ ಹುಟ್ಟೇ ಇಲ್ವಲ್ಲೇ ಆ ಕುರಿ! ನಾವ್ ಅದ್ರ ಮೊಮ್ಮಕ್ಕಳ ಉಣ್ಣೆ ಕತ್ತರ್ಸಿ ಕಂಬಳಿ ನೇಸ್ಕಂಡು ಹೊದ್ಕಂಡಿದೀವಿ!”

ಮಾರನೆಯ ದಿನ ಅವಳು ಚಿತ್ರದುರ್ಗದ ಬಸ್ಸು ಹತ್ತಿದಳು. ಒಕ್ಕೂಟದಲ್ಲಿ ಕಂಪ್ಯೂಟರಿನ ಕೆಲಸ ನೋಡುವವಳು ಬೃಂದಾ, ಹೊಳಲ್ಕೆರೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ವ್ಯವಸ್ಥಾಪಕ ಲಕ್ಷ್ಮೀಕಾಂತ್. ಕೆಟ್ಟವನಲ್ಲ, ಕೆಲಸ ಬೇಗ ಮುಗಿಯಬೇಕು ಎನ್ನುವ ಜಾತಿಯ ಮನುಷ್ಯ.

“ತಾರೀಖು ಸಿಗದೇ ಇದ್ದರೆ ಯಾಕೆ ಒದ್ದಾಡ್ತೀರಿ ಮಲ್ಲಕ್ಕಾರೇ,” ಎಂದ ಲಕ್ಷ್ಮೀಕಾಂತ್. “ವರ್ಷ ಒಂದು ಗೊತ್ತಿದ್ದರೆ ಸಾಕು. ಎಲ್ಲಕ್ಕೂ ಜನವರಿ ಒಂದು ಅಂತ ಹಾಕಿಬಿಡಿ. ‘ಅಂದಾಜು’ ಅಂತ ಬರುತ್ತೆ, ಅಷ್ಟೇ.”

“ಅಂದಾಜು ಅಂದ್ರೆ ಮೂಲ ತಿಳಿಯದು ಅಂತ್ಲೇ ಅಲ್ವೇನ್ರಿ?”

“ಬಹುಪಾಲು ಹಾಗೇನೇ. ಆದರೆ ಯಾರು ನೋಡ್ತಾರೆ?”

“ನನ್ನ ಇಸ್ಕೂಲಿನ ಕಾಗದದಾಗೆ ನಾನು ಹುಟ್ಟಿದ್ದು ಜೂನ್ ಒಂದು. ನನ್ ಗಂಡ ಜೂನ್ ಒಂದು. ಅವರಣ್ಣ ಜೂನ್ ಒಂದು. ನಮ್ಮೋಣಿಯೋರೆಲ್ಲ ಜೂನ್ ಒಂದು. ಮೇಷ್ಟ್ರು ಮನುಷ್ಯರಿಗೆ ಹಂಗ್ ಮಾಡಿದ್ದು ಸಾಲ್ದು ಅಂತ ನೀವು ಕುರಿಗೂ ಮಾಡಾಕ್ ಹೊಂಟೀರಾ? ನಮ್ಮ ಕುರಿ ತಾರೀಖು ನಮ್ಮಪ್ಪ ಬರ್ದಿಟ್ಟವ್ನೆ. ಸಿಗದೇ ಇರೋದು ತಾರೀಖಲ್ಲ. ಈ ಪೆಟ್ಟಿಗೆ ಯಾವ ತಾರೀಖು ಉಣ್ತೈತೆ, ಯಾವುದ್ನ ಉಗೀತೈತೆ ಅನ್ನೋದು ನಮಗೆ ಯಾರೂ ಹೇಳಿಲ್ಲ.”

ಬೃಂದಾ ನಗು ತಡೆದುಕೊಂಡಳು. ಆದರೆ ಮಾತು ಸರಿಯಾಗಿತ್ತು. ಡೇಟಾಬೇಸ್ ಮಾಡಿಕೊಟ್ಟವರು ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದುಕೊಟ್ಟಿದ್ದರು. ಯಾವ ಯಾವ ರೀತಿಯ ದಿನಾಂಕ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬ ಪಟ್ಟಿ ಅವಳ ಹತ್ತಿರವೂ ಇರಲಿಲ್ಲ.

“ಹಂಗಾದ್ರೆ ನಾನು ಬರೀತೀನಿ,” ಎಂದಳು ಮಲ್ಲಕ್ಕ. “ನನಗೊಂದು ಹುಸಿ ಹಿಂಡು ಮಾಡ್ಕೊಡ್ರಿ ಬೃಂದವ್ವ. ಕೆಟ್ಟರೂ ಯಾರಿಗೂ ನಷ್ಟ ಇರಬಾರ್ದು.”

ಬೃಂದಾ ಕಲಿಕೆಗೆಂದು ಇಟ್ಟಿದ್ದ ಖಾತೆಯನ್ನು ಅವಳಿಗೆ ತೆರೆದುಕೊಟ್ಟಳು. ಮಲ್ಲಕ್ಕ ಊರಿಗೆ ಬಂದು ಮೂರು ವಾರ ಆ ಪೆಟ್ಟಿಗೆಯ ಬಾಯಿಗೆ ಕೈ ಹಾಕಿದಳು. ದಿನ ಮುಂದಿಟ್ಟು ನೋಡಿದಳು, ತಿಂಗಳು ಮುಂದಿಟ್ಟು ನೋಡಿದಳು. ಅಡ್ಡಗೆರೆ, ಓರೆಗೆರೆ, ಚುಕ್ಕೆ, ಬರಿ ಖಾಲಿ ಜಾಗ, ಕನ್ನಡದ ಅಂಕಿ, ತಿಂಗಳ ಹೆಸರು, ಎಲ್ಲವನ್ನೂ ಹಾಕಿದಳು. ಕಂಡದ್ದನ್ನೆಲ್ಲ ಬರೆದಳು. ಕನ್ನಡದ ಅಂಕಿಯನ್ನು ಪೆಟ್ಟಿಗೆ ಮೂಸಿಯೂ ನೋಡಲಿಲ್ಲ. ಎರಡೇ ಅಂಕಿಯ ವರ್ಷ ಕೊಟ್ಟರೆ 70ರಿಂದ 99ರವರೆಗೆ ಹಿಂದಿನ ನೂರಕ್ಕೆ ತಳ್ಳುತ್ತಿತ್ತು, 69ರಿಂದ ಕೆಳಗಿನದನ್ನು ಈ ನೂರಕ್ಕೆ ಎಳೆಯುತ್ತಿತ್ತು. ಬೋಳಿಯ ಮಗಳು ಇನ್ನೂ ಹುಟ್ಟದೆ ಉಳಿದದ್ದು ಅದರಿಂದಲೇ. ಎಲ್ಲಕ್ಕಿಂತ ಮೋಸದ್ದು ಓರೆಗೆರೆ. 13/05 ಎಂದರೆ ಕೂಗಾಡಿ ತಳ್ಳುವ ಪೆಟ್ಟಿಗೆ, 04/05 ಎಂದರೆ ತುಟಿ ಪಿಟಕ್ಕೆನ್ನದೆ ನುಂಗಿ, ಮೇ ನಾಲ್ಕನ್ನು ಏಪ್ರಿಲ್ ಐದು ಮಾಡಿಬಿಡುತ್ತಿತ್ತು. ‘ಕೂಗುವ ತಪ್ಪಿಗೆ ಹೆದರಬೇಡಿ, ನುಂಗುವ ತಪ್ಪಿಗೆ ಹೆದರಿ’ ಎಂದು ಅವಳು ಆ ಪುಟದ ಕೆಳಗೆ ಬರೆದಳು. ಸಮಯದಲ್ಲೂ ಹಾಗೆಯೇ. ರಾತ್ರಿ ಹನ್ನೆರಡೂವರೆಯನ್ನು 12:30 ಎಂದರೆ ಹಾಡುಹಗಲು ಮಾಡುತ್ತಿತ್ತು, 00:30 ಎಂದರೆ ಸರಿ. 24:00 ಎಂಬುದು ಅದರ ಲೋಕದಲ್ಲೇ ಇಲ್ಲ.

ಕೊನೆಗೆ ಎಲ್ಲಿಯೂ ತಪ್ಪದ ಒಂದೇ ದಾರಿಯನ್ನು ಮೊದಲ ಪುಟಕ್ಕೆ ತಂದಳು: ವರ್ಷ ನಾಲ್ಕು ಅಂಕಿ, ಅಡ್ಡಗೆರೆ, ತಿಂಗಳು ಎರಡಂಕಿ, ಅಡ್ಡಗೆರೆ, ದಿನ ಎರಡಂಕಿ, ಒಂದು ಖಾಲಿ ಜಾಗ, ಗಂಟೆ ಎರಡಂಕಿ, ಎರಡು ಚುಕ್ಕೆ, ನಿಮಿಷ ಎರಡಂಕಿ. ಅದರ ಹಿಂದೆ, ಮಳೆ ಪಾದ ವಾರಗಳಿಂದ ತಾರೀಖು ತೆಗೆಯುವ ಕ್ರಮ. ಒಟ್ಟು ಹದಿನಾಲ್ಕು ಪುಟ. ಬೃಂದಾ ಅದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕಿನ ಸಂಘಗಳಿಗೆ ಕಳಿಸಿದಳು. ಮೇಲುಹಾಳೆಯಲ್ಲಿ ಬರೆದವರ ಹೆಸರು: ಮಲ್ಲಕ್ಕ, ಮಾಡದಕೆರೆ. ಆ ವಾರ ಅವಳು ನೆಲದ ಮೇಲೆ ನಡೆದದ್ದು ಕಡಿಮೆ.

ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ಹಿರಿಯೂರು ಕಡೆಯ ಸಂಘದ ಕಾರ್ಯದರ್ಶಿ ಕೊಟ್ರೇಶ್ ಫೋನು ಮಾಡಿದ. ನಲವತ್ತೈದರವನು, ಮಾತಿನಲ್ಲಿ ಮೆಣಸಿನಕಾಯಿ.

“ಅಕ್ಕಾ, ನಿನ್ ಪುಸ್ತಕಕ್ಕೆ ಒಂದು ಕಾಯಿ ಒಡಿಬೇಕು ನೋಡು.”

“ಯಾಕ್ಲೇ?”

“ನನ್ ಕುರಿ ಅವಳಿ ಹಾಕೈತೆ. ನೀನ್ ಹೇಳಿದ್ ತರಾನೇ ಬರ್ದೆ. ತಮ್ಮ ಅಣ್ಣನಿಗಿಂತ ಒಂದು ದಿನ ಮುಂಚೆ ಹುಟ್ಟವ್ನೆ ಅಂತೈತೆ ಪೆಟ್ಟಿಗೆ. ಇನ್ನು ಸ್ವಲ್ಪ ಬಿಟ್ರೆ ಮರೀನೇ ತಾಯಿನ ಹೆರ್ತೈತೇನೋ!”

ಮಲ್ಲಕ್ಕ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಅವಳ ಕಡೆಯ ಕುರುಬರಲ್ಲಿ ಅವಳಿ ಟಗರು ಬಿದ್ದರೆ ಮೊದಲು ಬಿದ್ದದ್ದನ್ನೇ ಬೀಜಕ್ಕೆ ಉಳಿಸುವುದು. ಹಿರಿ ಕಿರಿ ಅದಲುಬದಲಾದರೆ ಮುಂದಿನ ವಂಶವೆಲ್ಲ ಬೇರೆ ಟಗರಿನ ಹೆಸರಿಗೆ ಹತ್ತಿಕೊಳ್ಳುತ್ತದೆ. ಅವಳು ಫೋನು ಕಿವಿಗಿಟ್ಟುಕೊಂಡೇ ತಾನು ಸೇರಿಸಿದ ಇನ್ನೂರು ಚಿಲ್ಲರೆ ಮರಿಗಳಲ್ಲಿ ಅವಳಿಗಳನ್ನು ಹುಡುಕಿದಳು. 1988ರ ಸ್ವಾತಿ ಮಳೆ, ಎರಡನೇ ಪಾದ, ಶುಕ್ರವಾರ. ಮೊದಲ ಮರಿ ರಾತ್ರಿ ಹನ್ನೊಂದು ನಲವತ್ತು, ಎರಡನೆಯದು ಹನ್ನೆರಡು ಇಪ್ಪತ್ತು. ಅವಳು ಬರೆದದ್ದು 1988-10-28 23:40 ಮತ್ತು 1988-10-28 00:20. ಕಿರಿಯವನು ಹಿರಿಯವನಿಗಿಂತ ಇಪ್ಪತ್ತಮೂರು ಗಂಟೆ ಮುಂಚೆ ಹುಟ್ಟಿದ್ದ. ಇನ್ನೊಂದು ಜೋಡಿ ನೋಡಿದಳು. ಅದೂ ಹಾಗೆಯೇ. ತಾರೀಖು ಸರಿ, ಗಂಟೆ ಸರಿ, ಬರೆದ ರೀತಿಯೂ ಸರಿ. ಪೆಟ್ಟಿಗೆ ಕೂಗಿಲ್ಲ, ನುಂಗಿದೆ.

ಲಕ್ಷ್ಮೀಕಾಂತನ ‘ಅಂದಾಜು’ ಅವಳ ಕಣ್ಣ ಮುಂದೆ ಬಂತು. ನಾಲ್ಕು ತಾಲ್ಲೂಕಿಗೆ ತಪ್ಪು ಹಂಚಿದವಳು ತಾನೇ. ಈ ಪುಸ್ತಕವನ್ನು ಯಾರು ನಂಬುತ್ತಾರೆ, ಅಪ್ಪನ ನೋಟ್‌ಬುಕ್ಕನ್ನು ಯಾರು ನಂಬುತ್ತಾರೆ?

“ಅಕ್ಕಾ? ಇದೀಯಾ? ಬೈಯ್ಯೋದಿದ್ರೆ ಬೈದ್ಬಿಡು, ಸುಮ್ನಿದ್ರೆ ಹೆದ್ರಿಕೆ ಆಗ್ತೈತೆ.”

“ಲೇ ಕೊಟ್ರೇಶಿ, ನಿನ್ ಕುರಿ ಯಾವತ್ತು ಹಾಕ್ತು?”

“ಬುಧವಾರ. ಅಣ್ಣ ಹನ್ನೊಂದೂವರೆಗೆ, ತಮ್ಮ ಹನ್ನೆರಡೂ ಕಾಲಿಗೆ.”

“ಹನ್ನೆರಡೂ ಕಾಲೂ ಬುಧವಾರಾನೇ?”

“ಬುಧವಾರ ರಾತ್ರಿನೇ ಅಲ್ವೇನಕ್ಕ? ಮತ್ತಿನ್ಯಾವ ವಾರ?”

“ನಿನ್ ಬುಧವಾರ ಯಾವಾಗ ಮುಗೀತೈತೋ?”

“ಇದೇನ್ ಕೇಳ್ತೀಯಕ್ಕ! ಬೆಳಗಾದ್ರೆ ಮುಗೀತೈತೆ. ಹೊತ್ತು ಹುಟ್ದೆ ಗುರುವಾರ ಎಲ್ಲಿಂದ ಬರ್ತೈತೆ?”

ಮಲ್ಲಕ್ಕ ಪರದೆಯ ಮೇಲಿನ ಆ ಎರಡು ಸಾಲಿನ ಮೇಲೆ ಬೆರಳಿಟ್ಟಳು. ಅವಳ ಬುಧವಾರವೂ ಬೆಳಗಾದರೆ ಮುಗಿಯುವುದು. ಅಪ್ಪನದೂ ಹಾಗೆಯೇ, ಜೋಯಿಸರ ಪಂಚಾಂಗದ್ದೂ ಹಾಗೆಯೇ. ಕುರಿ ಕಾಯುವವನು ರಾತ್ರಿಯೆಲ್ಲ ಕಂಬಳಿ ಹೊದ್ದು ಕೂತು, ಮೂಡಲು ಕೆಂಪಾದಾಗ ಎದ್ದು ಹೊಸ ದಿನ ಎನ್ನುತ್ತಾನೆ. ಪೆಟ್ಟಿಗೆಗೆ ಮೂಡಲೂ ಗೊತ್ತಿಲ್ಲ, ಪಡುವಲೂ ಗೊತ್ತಿಲ್ಲ. ಅದು ಕತ್ತಲ ನಟ್ಟನಡುವೆ ಮಗ್ಗುಲು ಬದಲಿಸಿ ಗುರುವಾರ ಎಂದುಬಿಡುತ್ತದೆ. ಎಷ್ಟು ರೀತಿಯ ಗೆರೆ ಚುಕ್ಕೆ ಹಾಕಿ ನೋಡಿದ್ದಳು! ದಿನ ಯಾವಾಗ ಶುರುವಾಗುತ್ತದೆ ಎಂದು ಕೇಳಬೇಕೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ, ಯಾಕೆಂದರೆ ಅದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ.

“ಕೊಟ್ರೇಶಿ,” ಎಂದಳು, “ನಿನ್ ತಮ್ಮ ಸರಿಯಾಗೇ ಹುಟ್ಟವ್ನೆ ಕಣೋ. ಅವನಿಗೆ ಗುರುವಾರ ಹಾಕು. ನಡುರಾತ್ರಿ ಕಳೆದು ಹೊತ್ತು ಹುಟ್ಟೋ ಒಳಗೆ ಬಿದ್ದ ಮರಿಗೆಲ್ಲ ಒಂದ್ ದಿನ ಮುಂದಕ್ಕೆ ಹಾಕು.”

“ಅಂದ್ರೆ ತಪ್ಪು ನಿಂದೇ?”

“ನಂದೇ. ಇದ್ನ ಊರ್ ತುಂಬ ಹೇಳ್ಕಂಡು ಬಾ ಹೋಗು, ನನಗೂ ಅದೇ ಬೇಕು. ಎಲ್ರೂ ತಿದ್ಕಂತಾರೆ.”

ಅವತ್ತೇ ಹದಿನೈದನೆಯ ಪುಟ ಬರೆದಳು. ‘ಹಿಂದಿನ ಹದಿನಾಲ್ಕು ಪುಟದಲ್ಲಿ ಇಲ್ಲದ್ದು, ಇರಬೇಕಾಗಿದ್ದದ್ದು’ ಎಂದು ತಲೆಬರಹ ಕೊಟ್ಟಳು. ತನ್ನ ತಪ್ಪನ್ನು ತನ್ನ ಹೆಸರಿನಲ್ಲೇ ಬರೆದು, 1988ರ ಅವಳಿಯನ್ನು ಉದಾಹರಣೆಗೆ ಇಟ್ಟು, ಕೆಳಗೆ ತಿದ್ದಿದ ಸಾಲು ಹಾಕಿದಳು: 1988-10-29 00:20.

ಆಗಸ್ಟ್ ಮೊದಲ ವಾರ ಪುಟವನ್ನೂ ಜೋಯಿಸರ ಪಂಚಾಂಗಗಳನ್ನೂ ಒಂದು ನೋಟ್‌ಬುಕ್ಕನ್ನೂ ಹಿಡಿದು ಅವಳು ಮತ್ತೆ ಚಿತ್ರದುರ್ಗಕ್ಕೆ ಹೋದಳು. ಲಕ್ಷ್ಮೀಕಾಂತನ ಕಿವಿಗೆ ಅವಳಿಗಳ ಸುದ್ದಿ ಆಗಲೇ ಬಿದ್ದಿತ್ತು.

“ನೋಡಿದ್ರಾ? ಇದಕ್ಕೇ ನಾನು ಜನವರಿ ಒಂದು ಅಂದಿದ್ದು. ಹಳೇ ನೋಟ್‌ಬುಕ್ ನಂಬಿದರೆ ಹಿಂಗೇ.”

“ನೋಟ್‌ಬುಕ್ ತಪ್ಪಿಲ್ರಿ, ಓದಿದೋಳು ತಪ್ಪಿದೀನಿ. ಬೇಕಾದ್ರೆ ಪರೀಕ್ಷೆ ಮಾಡ್ರಿ. ನೀವೇ ಒಂದ್ ಪುಟ ತೆಗೀರಿ. ನಾನ್ ತೆಗ್ಯಲ್ಲ.”

ಲಕ್ಷ್ಮೀಕಾಂತ್ ಕಣ್ಣು ಮುಚ್ಚಿಕೊಂಡೇ ನೋಟ್‌ಬುಕ್ಕಿನ ನಡುವೆ ಬೆರಳಿಟ್ಟ. ದನದ ಆಸ್ಪತ್ರೆಯವರು ಊರಲ್ಲೇ ಉಳಿದು, ಬಿದ್ದ ಮರಿಗೆಲ್ಲ ನಂಬರಿನ ಕಿವಿಯೋಲೆ ಹಾಕಿ ಹುಟ್ಟಿದ ತಾರೀಖು ಬರೆದುಕೊಂಡ ವರ್ಷದ ಪುಟ ಅದು. ಆಸ್ಪತ್ರೆಯ ಕಡತದ ನಕಲು ಒಕ್ಕೂಟದಲ್ಲೂ ಇತ್ತು. ಬೃಂದಾ ಅದನ್ನು ತಂದು ಪಕ್ಕದಲ್ಲಿಟ್ಟಳು. ಒಂದು ಕಡೆ ಮಳೆ, ಪಾದ, ವಾರ, ಗಂಟೆ. ಇನ್ನೊಂದು ಕಡೆ ಡಾಕ್ಟರ ಕೈಬರಹದ ತಾರೀಖು. ಆ ಪುಟದಲ್ಲಿ ಒಂಬತ್ತು ಮರಿ. ಮಲ್ಲಕ್ಕ ಒಂದೊಂದನ್ನೂ ಪಂಚಾಂಗ ನೋಡಿ ಬಾಯಲ್ಲೇ ಲೆಕ್ಕ ಹಾಕಿ ಹೇಳಿದಳು, ಬೃಂದಾ ಕಡತ ನೋಡಿ ತಲೆಯಾಡಿಸಿದಳು. ಏಳನೆಯದು ಬೆಳಗಿನ ಜಾವ ಮೂರು ಗಂಟೆಯದು. ನೋಟ್‌ಬುಕ್ಕಿನಲ್ಲಿ ಭಾನುವಾರ, ಕಡತದಲ್ಲಿ ಸೋಮವಾರ. ಮಲ್ಲಕ್ಕ, “ಇದು ಪೆಟ್ಟಿಗೆಗೆ ಸೋಮವಾರ” ಎಂದು ಕಡತ ನೋಡುವ ಮೊದಲೇ ಹೇಳಿದ್ದಳು. ಒಂಬತ್ತಕ್ಕೆ ಒಂಬತ್ತೂ ಕೂಡಿದವು.

ಲಕ್ಷ್ಮೀಕಾಂತ್ ನೋಟ್‌ಬುಕ್ಕನ್ನು ಮುಚ್ಚಿ ಎರಡೂ ಕೈಯಿಂದ ಮಲ್ಲಕ್ಕನಿಗೆ ಕೊಟ್ಟ. ಆಮೇಲೆ ಬೃಂದಾಳ ಕಡೆ ತಿರುಗಿ, “ಮಾಡದಕೆರೆ ಹಿಂಡಿಗೆ ಆ ‘ಅಂದಾಜು’ ಬೇಡಮ್ಮ. ಈ ಹದಿನೈದು ಪುಟಕ್ಕೂ ಒಕ್ಕೂಟದ ಮೊಹರು ಹಾಕು,” ಎಂದ. ಮಲ್ಲಕ್ಕನಿಗೆ, “ನಿಮ್ಮ ತಂದೆಗೆ ಯಾರು ಕಲಿಸಿದ್ದು ಇದನ್ನ?” ಎಂದು ಕೇಳಿದ.

“ಮೈಲಿಗಲ್ಲು,” ಎಂದಳು ಮಲ್ಲಕ್ಕ.

ಅವನು ಟೀ ತರಿಸಿದ. ಬೃಂದಾ ಕಂಪ್ಯೂಟರಿನಲ್ಲಿ ಮಾಡದಕೆರೆಯ ಹಿಂಡನ್ನು ತೆರೆದಳು. ‘ಮೂಲ’ ಎಂಬಲ್ಲಿ ‘ದಾಖಲೆ ಇದೆ, 1968ರಿಂದ’ ಎಂದು ಬಂದಿತ್ತು. ಮಲ್ಲಕ್ಕ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. ಟೀ ಸಿಹಿ ಜಾಸ್ತಿಯಾಗಿತ್ತು. ಅದನ್ನು ಅವಳು ಪೂರಾ ಕುಡಿದಳು.

“ಇನ್ನೆಷ್ಟು ಮರಿ ಬಾಕಿ ಅಕ್ಕ?” ಎಂದಳು ಬೃಂದಾ.

“ನಾನೂರ ಮೂವತ್ತು. ಇಪ್ಪತ್ತೈದು ದಿನ ಐತೆ.”

“ಕಣ್ಣು ಹಾಳುಮಾಡ್ಕಬೇಡ್ರಿ. ನೋಟ್‌ಬುಕ್ಕೆಲ್ಲ ಇಲ್ಲಿಗೆ ಕಳ್ಸಿಕೊಡ್ರಿ, ಇಬ್ಬರನ್ನ ಕೂರಿಸಿ ಟೈಪ್ ಮಾಡಿಸ್ತೀನಿ. ನಡುರಾತ್ರಿ ಆದಮೇಲಿನದಕ್ಕೆಲ್ಲ ಒಂದು ದಿನ ಕೂಡೋದನ್ನ ಕಂಪ್ಯೂಟರಿಗೇ ಹೇಳಿಬಿಡ್ತೀನಿ. ನಾಲ್ಕೇ ದಿನದ ಕೆಲಸ.”

ಮಲ್ಲಕ್ಕ ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಎದ್ದು ನಿಂತಳು.

“ಬ್ಯಾಡ್ರಿ ಬೃಂದವ್ವ. ನೀವ್ ಕೇಳಿದ್ರಲ್ಲ, ಅದೇ ದೊಡ್ಡದು. ಆದ್ರೆ ಗಡಿಯಾರ ಕೊಳ್ಳೋಕ್ ಮುಂಚೆ ನಮ್ಮಪ್ಪ ಕೋಳಿ ಕೂಗೋ ಹೊತ್ತು ಅಂತ ಬರ್ದವ್ನೆ. ಅದು ಮಾಗೀಲಿ ಎಷ್ಟು ಗಂಟೆ, ಮುಂಗಾರ್ನಾಗೆ ಎಷ್ಟು ಗಂಟೆ ಅನ್ನೋದು ನಿಮ್ ಹುಡುಗ್ರಿಗೂ ತಿಳೀದು, ಕಂಪ್ಯೂಟ್ರಿಗೂ ತಿಳೀದು. ನಾನು ಆ ಕೋಳಿ ಕೇಳ್ಕಂಡು ಬೆಳೆದೋಳು. ಒಂದ್ ಸಲ ತಪ್ಪಿದೀನಿ, ತಿದ್ಕಂಡಿದೀನಿ, ಮುಗೀತು. ದಿನಕ್ಕೆ ಇಪ್ಪತ್ತು ಮರಿ ಬರೆದ್ರೂ ಮೂರ್ ದಿನ ಮುಂಚೇನೇ ಮುಗೀತೈತೆ. ನಿಮ್ ಆ ಇಬ್ರು ಹುಡುಗ್ರನ್ನ ಕೊಟ್ರೇಶಿ ತಾವ ಕಳಿಸ್ರಿ, ಅವನಿಗೆ ಬೇಕಾಗ್ತಾರೆ. ನಂದು ನಾನೇ ಬರೀತೀನಿ. ಬರ್ತೀನ್ರಿ ತಾಯಿ, ಹೊಸದುರ್ಗದ ಬಸ್ಸು ಹೊಂಡ್ತೈತೆ.”